ಹಸುಳೆಯ ಕರುಳಿಗೆ ಆಹಾರ ಒಗ್ಗದಿದ್ದಾಗ: ಅಲರ್ಜಿಯನ್ನು ಗುರುತಿಸುವ, ಬಿಡುವ, ಮತ್ತೆ ಕೊಟ್ಟು ನೋಡುವ ಕ್ರಮ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಬಾಣಂತನವೆಂದರೆ ಹಾಲು, ತುಪ್ಪ, ಲೇಹ್ಯಗಳ ಕಾಲ. ತಾಯಿ ಚೆನ್ನಾಗಿ ಉಂಡರೆ ಕೂಸಿಗೂ ಒಳ್ಳೆಯದೆಂಬ ಹಿರಿಯರ ಎಣಿಕೆ ಹೆಚ್ಚಿನ ಮಕ್ಕಳ ಮಟ್ಟಿಗೆ ಸರಿಯೇ ಆಗಿದೆ. ಆದರೆ ಕೆಲವು ಶಿಶುಗಳ ಕರುಳು ಆಹಾರದ ಯಾವುದೋ ಒಂದು ಪ್ರೋಟೀನನ್ನು, ಬಹುಮಟ್ಟಿಗೆ ದನದ ಹಾಲಿನ ಪ್ರೋಟೀನನ್ನು, ವೈರಿಯೆಂದು ಬಗೆದು ಅದರ ಮೇಲೆ ತಿರುಗಿಬೀಳುತ್ತದೆ. ಆಗ ಲಂಗೋಟಿಯಲ್ಲಿ ಲೋಳೆಯೊಂದಿಗೆ ರಕ್ತದ ಎಳೆ ಕಾಣಿಸಬಹುದು, ಭೇದಿ ನಿಲ್ಲದೆ ತೂಕ ಇಳಿಯಬಹುದು, ಅಥವಾ ಉಣಿಸಿದ ಕೆಲವು ಗಂಟೆಗಳಲ್ಲಿ ಮಗು ಮತ್ತೆ ಮತ್ತೆ ವಾಂತಿ ಮಾಡಿ ಬಿಳಿಚಿಕೊಂಡು ಸೊರಗಬಹುದು. ಹೀಗಾದಾಗ ಮನೆಯವರು ಏನು ಮಾಡಬೇಕು, ವೈದ್ಯರ ಬಳಿ ಏನನ್ನು ಕೇಳಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಹಾರದ ಅಲರ್ಜಿಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ತಕ್ಷಣದ ಅಲರ್ಜಿ. ರಕ್ತದಲ್ಲಿರುವ ಐಜಿಇ ಎಂಬ ಪ್ರತಿಕಾಯದ ಮೂಲಕ ನಡೆಯುವ ಇದರಲ್ಲಿ ಆಹಾರ ಹೊಟ್ಟೆಗೆ ಹೋದ ಕೆಲವು ನಿಮಿಷಗಳಿಂದ ಎರಡು ಗಂಟೆಯ ಒಳಗೆ ಮೈಮೇಲೆ ದದ್ದು ಏಳುತ್ತದೆ, ತುಟಿ ಬಾಯುತ್ತದೆ, ಕೆಲವೊಮ್ಮೆ ಉಸಿರು ಕಟ್ಟುತ್ತದೆ. ಎರಡನೆಯದು ನಿಧಾನವಾದದ್ದು. ಕರುಳಿನ ಒಳಪದರದಲ್ಲೇ ನಡೆಯುವ ಈ ಬಗೆಯ ಅಲರ್ಜಿ ಹೊರಗೆ ಕಾಣಿಸಲು ಗಂಟೆಗಳು, ಹಲವೊಮ್ಮೆ ದಿನಗಳೇ ಬೇಕು. ಈ ಬರಹದ ವಿಷಯ ಎರಡನೆಯದು. ಇದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ; ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯೂ ಐಜಿಇ ಪರೀಕ್ಷೆಯೂ ಈ ಮಕ್ಕಳಲ್ಲಿ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಶಂಕಿತ ಆಹಾರವನ್ನು ಕೆಲವು ವಾರ ಬಿಟ್ಟು, ಲಕ್ಷಣ ಹೋಯಿತೇ ಎಂದು ನೋಡಿ, ಮತ್ತೆ ಕೊಟ್ಟಾಗ ಮರಳಿತೇ ಎಂದು ಗಮನಿಸುವುದೇ ಇದರ ಪರೀಕ್ಷೆ. ಆದ್ದರಿಂದ ಮನೆಯವರ ಕಣ್ಣು ಮತ್ತು ಒಂದು ನೋಟ್‌ಪುಸ್ತಕ ಇಲ್ಲಿ ಲ್ಯಾಬಿನ ವರದಿಗಿಂತ ಹೆಚ್ಚಿನ ಕೆಲಸ ಮಾಡುತ್ತವೆ.

ಮೊದಲು ಓಡಬೇಕಾದ ಸಂದರ್ಭಗಳು

ಅಲರ್ಜಿಯ ವಿಚಾರ ಮಾಡುವ ಮೊದಲು ಬೇರೆ ಅಪಾಯಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಾಂತಿ ಹಸಿರಾಗಿದ್ದರೆ ಕರುಳು ತಿರುಚಿಕೊಂಡಿರುವ ಸಂಭವವಿದೆ. ಮಗು ಆಗಾಗ ಕಾಲು ಮಡಚಿ ಚೀರುತ್ತಾ, ನಡುನಡುವೆ ಸೋತು ಮಲಗುತ್ತಾ, ಕಡುಕೆಂಪು ಲೋಳೆಯಂಥ ಮಲ ಹೋದರೆ ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು. ಎರಡರಿಂದ ಎಂಟು ವಾರದ ಕೂಸು ಪ್ರತಿ ಸಲ ಹಾಲು ಕುಡಿದ ಕೂಡಲೇ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿದರೆ ಜಠರದ ಬಾಯಿ ಕಿರಿದಾಗಿದೆಯೇ ಎಂದು ನೋಡಬೇಕು. ಹೊಟ್ಟೆ ಉಬ್ಬಿ ಗಟ್ಟಿಯಾಗಿರುವುದು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಆರೆಂಟು ಗಂಟೆ ಮೂತ್ರ ಹೋಗದಿರುವುದು, ಎಬ್ಬಿಸಿದರೂ ಏಳದ ಮಂಪರು, ಮೂಗು, ಒಸಡು ಅಥವಾ ಹೊಕ್ಕುಳಲ್ಲೂ ರಕ್ತ ಕಾಣಿಸುವುದು, ಇವುಗಳಲ್ಲಿ ಯಾವುದಿದ್ದರೂ ಆಹಾರ ಬದಲಿಸಿ ನೋಡೋಣವೆಂದು ಕಾಯುವಂತಿಲ್ಲ. ರಾತ್ರಿಯಾದರೂ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.

ಇದಕ್ಕೆ ವಿರುದ್ಧವಾಗಿ, ಅಲರ್ಜಿಯೇ ಅಲ್ಲದ ಎಷ್ಟೋ ಸಂಗತಿಗಳು ಅಲರ್ಜಿಯೆಂಬ ಹೆಸರು ಪಡೆಯುತ್ತಿವೆ. ಎದೆಹಾಲು ಕುಡಿಯುವ ಕೂಸು ದಿನಕ್ಕೆ ಎಂಟು ಹತ್ತು ಸಲ ಮಲವಿಸರ್ಜನೆ ಮಾಡುವುದೂ, ದೊಡ್ಡದಾಗುತ್ತಾ ವಾರಕ್ಕೊಮ್ಮೆ ಮಾತ್ರ ಮಾಡುವುದೂ ಸಹಜ. ನಗುತ್ತಾ ತೂಕ ಏರುತ್ತಿರುವ ಮಗು ಕುಡಿದ ಹಾಲನ್ನು ಸ್ವಲ್ಪ ಕಕ್ಕುವುದು, ಸಂಜೆಯ ಹೊತ್ತು ಅಳುವುದು, ಒಂದು ದಿನ ಹಸಿರು ಮಲ ಹೋಗುವುದು, ಇವುಗಳಿಂದಷ್ಟೇ ಅಲರ್ಜಿಯೆಂದು ತೀರ್ಮಾನಿಸಿ ತಾಯಿಯ ತಟ್ಟೆಯಿಂದ ಒಂದೊಂದಾಗಿ ಎಲ್ಲವನ್ನೂ ತೆಗೆಯುವುದು ಅನ್ಯಾಯ. ಹೆರಿಗೆಯ ದಣಿವಿನಲ್ಲಿರುವ ತಾಯಿಗೆ ಬರೀ ಗಂಜಿ-ಉಪ್ಪಿನಕಾಯಿಯ ಪಥ್ಯ ಹೇರಿದ ಮನೆಗಳನ್ನು ಕಂಡಿದ್ದೇನೆ. ಅದರಿಂದ ಮಗುವಿಗೆ ಏನೂ ಲಾಭವಿಲ್ಲ.

ಮೂರು ರೂಪಗಳು

ಕರುಳಿನ ಅಲರ್ಜಿಯ ಅತ್ಯಂತ ಸೌಮ್ಯ ರೂಪವನ್ನು ವೈದ್ಯರು ಅಲರ್ಜಿಕ್ ಪ್ರೊಕ್ಟೊಕೊಲೈಟಿಸ್ ಎನ್ನುತ್ತಾರೆ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗದ ಉರಿಯೂತ. ಹುಟ್ಟಿದ ಕೆಲವು ವಾರಗಳಿಂದ ಆರು ತಿಂಗಳೊಳಗೆ ಇದು ಕಾಣಿಸಿಕೊಳ್ಳುತ್ತದೆ. ಮಗು ಚೆನ್ನಾಗಿ ಕುಡಿಯುತ್ತದೆ, ಆಡುತ್ತದೆ, ತೂಕವೂ ಏರುತ್ತದೆ. ಮಲದಲ್ಲಿ ಮಾತ್ರ ಲೋಳೆಗೆ ಅಂಟಿಕೊಂಡಂತೆ ಕೆಂಪು ನೂಲೆಳೆಗಳು ಅಥವಾ ಸಾಸಿವೆ ಕಾಳಿನಷ್ಟು ಚುಕ್ಕೆಗಳು ಇರುತ್ತವೆ. ಎದೆಹಾಲು ಮಾತ್ರ ಕುಡಿಯುವ ಶಿಶುಗಳಲ್ಲಿಯೂ ಇದು ಬರುತ್ತದೆ, ಏಕೆಂದರೆ ತಾಯಿ ಸೇವಿಸಿದ ದನದ ಹಾಲಿನ ಪ್ರೋಟೀನಿನ ಅತಿ ಸಣ್ಣ ಅಂಶ ಎದೆಹಾಲಿಗೆ ಇಳಿಯುತ್ತದೆ. ಮಗುವಿಗೆ ಒಗ್ಗದಿರುವುದು ದನದ ಹಾಲಿನ ಆ ಅಂಶವೇ ಹೊರತು ತಾಯಿಯ ಹಾಲಲ್ಲ. ಆದ್ದರಿಂದ ಯಾರೇ ಹೇಳಿದರೂ ಎದೆಹಾಲು ನಿಲ್ಲಿಸಬಾರದು. ಗುದದ ಬಳಿ ಸಣ್ಣ ಸೀಳಿದ್ದರೂ ಮಲದ ಮೇಲೆ ರಕ್ತ ಬರುತ್ತದೆ, ರಕ್ತಭೇದಿಯಲ್ಲೂ ಬರುತ್ತದೆ. ಇವನ್ನು ವೈದ್ಯರು ಪರೀಕ್ಷಿಸಿ ಬೇರ್ಪಡಿಸಬೇಕು.

ಎರಡನೆಯದು ಸಣ್ಣ ಕರುಳಿನ ತೊಂದರೆ, ಎಂಟೆರೋಪತಿ. ವಾರಗಟ್ಟಲೆ ನೀರುನೀರಾದ ಭೇದಿ, ಹೊಟ್ಟೆಯುಬ್ಬರ, ತೂಕ ನಿಂತುಹೋಗುವುದು ಇದರ ಗುರುತು. ಇದನ್ನು ಮನೆಯಲ್ಲಿ ನಿಭಾಯಿಸಲಾಗದು, ಮಕ್ಕಳ ತಜ್ಞರ ಆರೈಕೆ ಬೇಕೇ ಬೇಕು.

ಮೂರನೆಯದೇ ಹೆಚ್ಚು ಎಚ್ಚರ ಬೇಡುವಂಥದ್ದು. ಆಹಾರದ ಪ್ರೋಟೀನಿನಿಂದ ಬರುವ ಎಂಟೆರೋಕೊಲೈಟಿಸ್ (ಸಣ್ಣ ಮತ್ತು ದೊಡ್ಡ ಕರುಳುಗಳ ಉರಿಯೂತ) ಎಂಬ ಇದನ್ನು ವೈದ್ಯರು ಚಿಕ್ಕದಾಗಿ ಎಫ್‌ಪೈಸ್ ಎನ್ನುತ್ತಾರೆ. ಶಂಕಿತ ಆಹಾರ ಕೊಟ್ಟು ಒಂದರಿಂದ ನಾಲ್ಕು ಗಂಟೆಯ ನಂತರ ವಾಂತಿ ಆರಂಭವಾಗಿ ಮತ್ತೆ ಮತ್ತೆ ಆಗುತ್ತದೆ, ಮಗು ಬಿಳಿಚಿಕೊಳ್ಳುತ್ತದೆ, ಕೈಕಾಲು ಸೋತು ಜೋತುಬೀಳುತ್ತವೆ, ಐದರಿಂದ ಹತ್ತು ಗಂಟೆಯ ಹೊತ್ತಿಗೆ ಭೇದಿಯೂ ಆಗಬಹುದು. ದದ್ದಿಲ್ಲ, ಉಬ್ಬಸವಿಲ್ಲ, ಆದ್ದರಿಂದ ಇದು ಅಲರ್ಜಿಯೆಂದು ಯಾರಿಗೂ ಹೊಳೆಯುವುದಿಲ್ಲ. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳು ಏರಿರುವುದರಿಂದ ಆಸ್ಪತ್ರೆಯಲ್ಲೂ ಸೋಂಕೆಂದು ಚಿಕಿತ್ಸೆ ಆರಂಭವಾಗುವುದುಂಟು. ದನದ ಹಾಲು, ಸೋಯಾ, ಮೊಟ್ಟೆ, ಮೀನು ಇದಕ್ಕೆ ಕಾರಣವಾಗುತ್ತವೆ. ಅಕ್ಕಿಯೂ ಆಗುತ್ತದೆ ಎಂಬುದು ಗಂಜಿಯನ್ನೇ ಅತ್ಯಂತ ನಿರಪಾಯಕಾರಿ ಆಹಾರವೆಂದು ನಂಬಿರುವ ನಮ್ಮ ಕಡೆಯವರು ತಿಳಿದಿರಲೇಬೇಕಾದ ಸಂಗತಿ. ಎದೆಹಾಲು ಮಾತ್ರ ಕುಡಿಯುವ ಅವಧಿಯಲ್ಲಿ ಎಫ್‌ಪೈಸ್ ಬಹಳ ಅಪರೂಪ; ಹೊರಗಿನ ಹಾಲಿನ ಪುಡಿ ಅಥವಾ ಗಟ್ಟಿ ಆಹಾರ ಆರಂಭವಾದಾಗಲೇ ಇದು ತಲೆಯೆತ್ತುತ್ತದೆ.

ನೋಟ್‌ಪುಸ್ತಕದಲ್ಲಿ ಬರೆಯಬೇಕಾದ್ದು

ಒಂದು ಪುಟವನ್ನು ಮೂರು ಕಾಲಂಗಳಾಗಿ ಗೆರೆ ಎಳೆದುಕೊಳ್ಳಿ. ಮೊದಲನೆಯದರಲ್ಲಿ ಗಂಟೆ, ಎರಡನೆಯದರಲ್ಲಿ ತಾಯಿ ಅಥವಾ ಮಗು ಸೇವಿಸಿದ್ದು, ಮೂರನೆಯದರಲ್ಲಿ ಮಗುವಿನಲ್ಲಿ ಕಂಡದ್ದು. “ಬೆಳಿಗ್ಗೆ 8 ಗಂಟೆ, ಹಾಲು ಹಾಕಿದ ಚಹಾ, ಎರಡು ಬಿಸ್ಕತ್ತು, 11 ಗಂಟೆ, ಮಲದಲ್ಲಿ ಲೋಳೆ, ಎರಡು ಕೆಂಪು ಎಳೆ, ಮಗು ಚುರುಕು” ಎಂಬಷ್ಟು ಸರಳವಾಗಿದ್ದರೆ ಸಾಕು. ಮಲದ ಫೋಟೋವನ್ನು ಹಗಲ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಗೆ ಹೋದ ದಿನ ಮಲ ಸ್ವಚ್ಛವಾಗಿದ್ದರೂ ಫೋಟೋ ನೋಡಿ ವೈದ್ಯರು ನಿರ್ಧರಿಸಬಲ್ಲರು. ಅಂಗನವಾಡಿಯಲ್ಲೋ ಕುಟುಂಬ ಆರೋಗ್ಯ ಕೇಂದ್ರದಲ್ಲೋ ತಿಂಗಳಿಗೊಮ್ಮೆ ತೂಕ ನೋಡಿಸಿ ತಾಯಿ-ಮಗುವಿನ ಕಾರ್ಡಿನಲ್ಲಿ ಬರೆಸಬೇಕು. ಮೊದಲ ವಾರ ಸ್ವಲ್ಪ ಇಳಿದ ತೂಕ ಎರಡು ವಾರದೊಳಗೆ ಮರಳಿ ಬರುವುದೂ, ಐದಾರು ತಿಂಗಳಿಗೆ ಹುಟ್ಟಿದ ತೂಕದ ಸುಮಾರು ಎರಡರಷ್ಟಾಗುವುದೂ ಸಾಮಾನ್ಯ ಲೆಕ್ಕ. ತೂಕದ ಗೆರೆ ಏರುತ್ತಿದೆಯೆಂದರೆ ಅವಸರದ ನಿರ್ಧಾರ ಬೇಡ. ನಿಂತಿದೆಯೆಂದರೆ ಕಾಯುವುದು ಬೇಡ.

ವೈದ್ಯರನ್ನು ಕಾಣುವಾಗ ಭಾಷೆಯ ತೊಡಕನ್ನೂ ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು. ಕಾಸರಗೋಡಿನ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಕನ್ನಡ ತಿಳಿಯದ ವೈದ್ಯರಿರಬಹುದು. ತಲಪಾಡಿ ದಾಟಿ ಮಂಗಳೂರಿಗೆ ಹೋದಾಗ ಮಲಯಾಳದಲ್ಲಿ ಬರೆದ ಚೀಟಿ ಉಪಯೋಗಕ್ಕೆ ಬಾರದಿರಬಹುದು. ನೋಟ್‌ಪುಸ್ತಕದ ಸಾರಾಂಶವನ್ನು ಇಂಗ್ಲಿಷಿನಲ್ಲೂ ಒಂದು ಪುಟದಲ್ಲಿ ಬರೆಸಿಟ್ಟುಕೊಳ್ಳಿ. ಇನ್ನು, ಐಜಿಇ ಅಲ್ಲದ, ಐಜಿಜಿ ಎಂಬ ಬೇರೆ ಪ್ರತಿಕಾಯವನ್ನು ಹತ್ತಾರು ಆಹಾರಗಳಿಗೆ ಒಟ್ಟಿಗೆ ನೋಡುವ ರಕ್ತಪರೀಕ್ಷೆಯ ಪ್ಯಾಕೇಜುಗಳಿಗೆ ಹಣ ಸುರಿಯಬೇಡಿ. ಐಜಿಜಿ ತೋರಿಸುವುದು ದೇಹ ಆ ಆಹಾರವನ್ನು ಕಂಡಿದೆಯೆಂಬುದನ್ನಷ್ಟೇ, ಅಲರ್ಜಿಯನ್ನಲ್ಲ.

ತಾಯಿಯ ಊಟದಿಂದ ಹಾಲನ್ನು ತೆಗೆಯುವುದು

ವೈದ್ಯರು ಸೂಚಿಸಿದ ಮೇಲೆ ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪ್ರೋಟೀನನ್ನು ಪೂರ್ತಿಯಾಗಿ ಬಿಡಬೇಕು. ಅರ್ಧ ಬಿಟ್ಟು ಅರ್ಧ ಉಳಿಸಿಕೊಂಡರೆ ಪರೀಕ್ಷೆ ಕೆಟ್ಟುಹೋಗುತ್ತದೆ, ತಾಯಿ ಪಟ್ಟ ಕಷ್ಟವೂ ವ್ಯರ್ಥ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಖೋವಾ ಎಲ್ಲರಿಗೂ ತಿಳಿದವು. ತುಪ್ಪದಲ್ಲಿ ಪ್ರೋಟೀನ್ ಇಲ್ಲವೆಂದು ಕೆಲವರು ಹೇಳಿದರೂ, ಮನೆಯಲ್ಲಿ ಕಾಸಿದ ತುಪ್ಪದಲ್ಲಿ ಅದರ ಶೇಷ ಉಳಿಯುತ್ತದೆ. ಆದ್ದರಿಂದ ಈ ವಾರಗಳಲ್ಲಿ ತುಪ್ಪವೂ ಬೇಡ, ತುಪ್ಪದಲ್ಲಿ ಕಾಯಿಸಿದ ಬಾಣಂತಿ ಲೇಹ್ಯವೂ ಬೇಡ. ತಂಬುಳಿ, ಮೇಲಾರ, ಮೊಸರು ಹಾಕಿದ ಸಾಸಮೆ ಇವುಗಳಲ್ಲೆಲ್ಲ ಮಜ್ಜಿಗೆಯೋ ಮೊಸರೋ ಇರುವುದು ಅಭ್ಯಾಸಬಲದಿಂದ ಮರೆತುಹೋಗುತ್ತದೆ. ಇವುಗಳ ಬದಲು ಪುನರ್ಪುಳಿ ಸಾರು, ಹುಣಸೆಹುಳಿಯ ಗೊಜ್ಜು, ತೆಂಗಿನಕಾಯಿ ಅರೆದ ಪದಾರ್ಥಗಳು ಊಟಕ್ಕೆ ಯಾವ ಕೊರತೆಯನ್ನೂ ಮಾಡುವುದಿಲ್ಲ. ಹೆಸರಿನಲ್ಲಿ ಹಾಲಿದ್ದರೂ ಕಾಯಿಹಾಲಿಗೂ ದನದ ಹಾಲಿಗೂ ಸಂಬಂಧವಿಲ್ಲ. ಬೆಲ್ಲ-ಕಾಯಿಹಾಲಿನ ಪಾಯಸವನ್ನು ತಾಯಿ ನಿಶ್ಚಿಂತೆಯಿಂದ ಉಣ್ಣಬಹುದು.

ಹೆಚ್ಚು ಮೋಸಹೋಗುವುದು ಪ್ಯಾಕೆಟ್ಟಿನ ತಿಂಡಿಗಳಲ್ಲಿ. ಬಿಸ್ಕತ್ತಿನ ಪ್ಯಾಕೆಟ್ಟನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್, ಸ್ಕಿಮ್ಡ್ ಮಿಲ್ಕ್ ಪೌಡರ್, ಬಟರ್ ಎಂಬ ಹೆಸರುಗಳೆಲ್ಲ ಹಾಲಿನವೇ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಹಾಲು, ಮೊಟ್ಟೆ, ಮೀನು, ನೆಲಗಡಲೆ, ಸೋಯಾ, ಗ್ಲುಟೆನ್ ಇರುವ ಧಾನ್ಯ ಮುಂತಾದ ಅಲರ್ಜಿಕಾರಕಗಳನ್ನು ಪ್ಯಾಕೆಟ್ಟಿನ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕು. ಪದಾರ್ಥಗಳ ಪಟ್ಟಿ ಅರ್ಥವಾಗದಿದ್ದರೆ ಆ ಒಂದು ಸಾಲನ್ನಾದರೂ ಹುಡುಕಿ. ಬೇಕರಿಯ ಬಿಡಿ ತಿಂಡಿಗಳಿಗೆ ಲೇಬಲ್ ಇರುವುದಿಲ್ಲವಾದ್ದರಿಂದ ಅವನ್ನು ಈ ಅವಧಿಯಲ್ಲಿ ದೂರವಿಡುವುದೇ ಮೇಲು.

ಹಾಲು ಬಿಟ್ಟ ತಾಯಿಗೆ ಸುಣ್ಣದಂಶ ಕಡಿಮೆಯಾಗಬಾರದು. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎಳ್ಳು, ನುಗ್ಗೆಸೊಪ್ಪು, ಮೀನು ತಿನ್ನುವವರಿಗೆ ಮುಳ್ಳುಸಹಿತ ತಿನ್ನಬಹುದಾದ ಸಣ್ಣ ಮೀನುಗಳು ಇದಕ್ಕೆ ನೆರವಾಗುತ್ತವೆ. ಆದರೂ ಊಟದಿಂದಲೇ ಪೂರ್ತಿ ಪ್ರಮಾಣ ಸಿಗುವುದು ಕಷ್ಟವಾದ್ದರಿಂದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳಬೇಕು.

ಮತ್ತೆ ಕೊಟ್ಟು ನೋಡುವುದು

ಹಾಲು ಬಿಟ್ಟ ಕೆಲವು ದಿನಗಳಿಂದ ಎರಡು ವಾರದೊಳಗೆ ರಕ್ತ ನಿಂತಿತೆನ್ನಿ. ಹೆಚ್ಚಿನ ಮನೆಗಳಲ್ಲಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮಗು ಸರಿಯಾಗಿದೆ, ಮತ್ತೇಕೆ ಕೆದಕಬೇಕು ಎಂಬ ಹಿಂಜರಿಕೆ ಅರ್ಥವಾಗುವಂಥದ್ದೇ. ಆದರೆ ಸಣ್ಣ ರಕ್ತದ ಎಳೆಗಳು ಎಷ್ಟೋ ಶಿಶುಗಳಲ್ಲಿ ಏನೂ ಮಾಡದೆಯೇ ತಾವಾಗಿ ನಿಲ್ಲುತ್ತವೆ. ಮತ್ತೆ ಕೊಟ್ಟು ನೋಡದಿದ್ದರೆ ಇಲ್ಲದ ಅಲರ್ಜಿಯ ಹೆಸರಿನಲ್ಲಿ ತಾಯಿಯೂ ಮಗುವೂ ತಿಂಗಳುಗಟ್ಟಲೆ ಪಥ್ಯ ಮಾಡಬೇಕಾಗುತ್ತದೆ. ಆದ್ದರಿಂದ, ಲಕ್ಷಣ ಕೇವಲ ರಕ್ತದ ಎಳೆಯಾಗಿದ್ದು ಮಗು ಬೇರೆಲ್ಲ ರೀತಿಯಿಂದ ಚೆನ್ನಾಗಿದ್ದರೆ, ಎರಡರಿಂದ ನಾಲ್ಕು ವಾರದ ಬಳಿಕ ವೈದ್ಯರ ಒಪ್ಪಿಗೆಯಿಂದ ತಾಯಿ ಮೊದಲಿನಂತೆ ಹಾಲು-ಮೊಸರು ಸೇವಿಸಬೇಕು. ಅಲರ್ಜಿಯಿದ್ದರೆ ರಕ್ತ ಹೆಚ್ಚಾಗಿ ಮೂರು ದಿನದೊಳಗೆ, ತಡವಾದರೆ ಎರಡು ವಾರದೊಳಗೆ ಮರಳುತ್ತದೆ. ಮರಳಿದರೆ ರೋಗನಿರ್ಣಯ ಖಚಿತ. ಮರಳದಿದ್ದರೆ ಪಥ್ಯ ಮುಗಿಯಿತು. ಹಾಲು ಬಿಟ್ಟಾಗ ಲಕ್ಷಣ ಹೋಗಲೇ ಇಲ್ಲವಾದರೆ, ಅದನ್ನು ಮುಂದುವರಿಸಿಕೊಂಡು ಸೋಯಾ ಬಿಟ್ಟು ನೋಡಲು ವೈದ್ಯರು ಹೇಳಬಹುದು. ಆದರೆ ಹಾಲು, ಮೊಟ್ಟೆ, ಗೋಧಿ, ಮೀನು ಎಲ್ಲವನ್ನೂ ಒಂದೇ ದಿನ ಬಿಡಬಾರದು. ಕಾರಣ ಯಾವುದೆಂದು ಆಮೇಲೆ ತಿಳಿಯುವುದೇ ಇಲ್ಲ.

ಎಫ್‌ಪೈಸ್ ಇರುವ ಅಥವಾ ತಕ್ಷಣದ ಅಲರ್ಜಿ ಕಂಡ ಮಗುವಿಗೆ ಈ ಪ್ರಯೋಗವನ್ನು ಮನೆಯಲ್ಲಿ ಎಂದೂ ಮಾಡಬಾರದು. ಅದು ಆಸ್ಪತ್ರೆಯಲ್ಲಿ, ಡ್ರಿಪ್ ಹಾಕುವ ವ್ಯವಸ್ಥೆಯ ಎದುರಿನಲ್ಲೇ ನಡೆಯಬೇಕು.

ಎದೆಹಾಲು ಸಾಲದಾಗ

ಹೊರಗಿನ ಹಾಲು ಅನಿವಾರ್ಯವಾದರೆ ಪ್ರೋಟೀನನ್ನು ಚಿಕ್ಕ ಚೂರುಗಳಾಗಿ ಒಡೆದ, ವೈದ್ಯರು ಎಕ್ಸ್‌ಟೆನ್ಸಿವ್ಲಿ ಹೈಡ್ರೊಲೈಸ್ಡ್ ಎಂದು ಕರೆಯುವ ಪುಡಿಯೇ ಮೊದಲ ಆಯ್ಕೆ. ಹಾಲಿನ ಅಲರ್ಜಿ ಇರುವ ಹತ್ತರಲ್ಲಿ ಒಂಬತ್ತು ಶಿಶುಗಳಿಗೆ ಇದು ಒಗ್ಗುತ್ತದೆ. ಒಗ್ಗದವರಿಗೆ ಅಮೈನೋ ಆಮ್ಲದ, ಅಂದರೆ ಪ್ರೋಟೀನಿನ ಮೂಲ ಘಟಕಗಳಷ್ಟೇ ಇರುವ ಪುಡಿಯಿದೆ. ಎರಡೂ ದುಬಾರಿ, ಎಲ್ಲ ಪೇಟೆಗಳಲ್ಲೂ ಸಿಗುವುದಿಲ್ಲ. ಡಬ್ಬಿ ಮುಗಿಯುವ ಮೊದಲೇ ಔಷಧದಂಗಡಿಗೆ ಹೇಳಿ ತರಿಸಬೇಕು.

ಇದರ ಬದಲು ಆಡಿನ ಹಾಲು ಕೊಡಿ, ಊರಿನ ಗಿಡ್ಡ ದನದ ಹಾಲಾದರೆ ಏನೂ ಆಗದು ಎಂಬ ಸಲಹೆ ನಮ್ಮಲ್ಲಿ ತುಂಬ ಕೇಳಿಬರುತ್ತದೆ. ಕಾಸರಗೋಡು ಗಿಡ್ಡ ತಳಿಯ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಅಲರ್ಜಿಯ ವಿಷಯದಲ್ಲಿ ತಳಿಯ ಭೇದ ನಡೆಯುವುದಿಲ್ಲ. ನಾಟಿ ದನಗಳದ್ದೆಂದು ಹೆಸರಾದ ಎ2 ಹಾಲಿನಲ್ಲೂ ಅಲರ್ಜಿ ತರುವ ಪ್ರೋಟೀನುಗಳು ಇದ್ದೇ ಇರುತ್ತವೆ. ಆಡು ಮತ್ತು ಎಮ್ಮೆಯ ಹಾಲಿನ ಪ್ರೋಟೀನುಗಳು ದನದ ಹಾಲಿನವನ್ನು ಎಷ್ಟು ಹೋಲುತ್ತವೆಯೆಂದರೆ ಬಹುಪಾಲು ಮಕ್ಕಳಿಗೆ ಅವೂ ಒಗ್ಗುವುದಿಲ್ಲ. ಹಾಲನ್ನು ಎಷ್ಟು ಕುದಿಸಿದರೂ ಅದರ ಪ್ರೋಟೀನಾದ ಕೇಸೀನ್ ನಾಶವಾಗುವುದಿಲ್ಲ. ಲ್ಯಾಕ್ಟೋಸ್ ಇಲ್ಲದ ಪುಡಿಯೂ ಪರಿಹಾರವಲ್ಲ, ಏಕೆಂದರೆ ಲ್ಯಾಕ್ಟೋಸ್ ಹಾಲಿನಲ್ಲಿರುವ ಸಕ್ಕರೆ, ತೊಂದರೆ ಇರುವುದು ಪ್ರೋಟೀನಿನಲ್ಲಿ. ಆರು ತಿಂಗಳೊಳಗೆ ಸೋಯಾ ಪುಡಿ ಸಲ್ಲದು. ತೆಂಗಿನ ಹಾಲು, ಗಂಜಿತೆಳಿ, ರಾಗಿ ನೀರು ಯಾವುದೂ ಶಿಶುವಿಗೆ ಹಾಲಿನ ಸ್ಥಾನ ತುಂಬಲಾರವು. ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ರೂಢಿಯಿದ್ದರೆ ಅದನ್ನೂ ನಿಲ್ಲಿಸಬೇಕು. ವರ್ಷ ತುಂಬುವವರೆಗೆ ಜೇನು ಅಪಾಯಕಾರಿ.

ಆರು ತಿಂಗಳ ನಂತರ

ಅನ್ನಪ್ರಾಶನದ ದಿನ ಹಾಲಿನ ಪಾಯಸ, ತುಪ್ಪ, ಬಾಳೆಹಣ್ಣು, ಅನ್ನ ಎಲ್ಲವನ್ನೂ ಒಟ್ಟಿಗೆ ಬಾಯಿಗಿಡುವ ಬದಲು, ಅಲರ್ಜಿಯ ಶಂಕೆಯಿರುವ ಮಗುವಿಗೆ ಅನ್ನದ ಒಂದಗುಳನ್ನು ಮುಟ್ಟಿಸಿ ಶಾಸ್ತ್ರ ಮುಗಿಸುವುದು ಸಾಧ್ಯ. ವಿಷಯ ತಿಳಿಸಿದರೆ ಅರ್ಚಕರಾಗಲಿ ಮನೆಯ ಹಿರಿಯರಾಗಲಿ ಬೇಡವೆನ್ನುವುದಿಲ್ಲ. ಆಮೇಲೆ ಒಂದೊಂದೇ ಹೊಸ ಆಹಾರವನ್ನು, ಬೆಳಗಿನ ಹೊತ್ತಿನಲ್ಲಿ, ಅರ್ಧ ಚಮಚದಿಂದ ಆರಂಭಿಸಿ ಮೂರ್ನಾಲ್ಕು ದಿನ ಕೊಟ್ಟು, ಬಳಿಕ ಮುಂದಿನದಕ್ಕೆ ಹೋಗಬೇಕು. ರಾತ್ರಿ ಹೊಸ ಆಹಾರ ಬೇಡ, ವಾಂತಿ ಬಂದರೆ ಆಸ್ಪತ್ರೆಗೆ ಓಡುವುದು ಕಷ್ಟ. ಹಾಲು ಹಾಕದ ರಾಗಿ ಮಣ್ಣಿ, ನೇಂದ್ರ ಬಾಳೆಕಾಯಿಯ ಪುಡಿ, ಹೆಸರುಬೇಳೆ, ಕುಂಬಳ ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ಅಂಗನವಾಡಿಯಿಂದ ಬರುವ ಅಮೃತಂ ನ್ಯೂಟ್ರಿಮಿಕ್ಸ್ ಒಳ್ಳೆಯ ಆಹಾರವೇ ಹೌದು. ಆದರೆ ಅದರಲ್ಲಿ ಗೋಧಿ, ಕಡಲೆ, ಸೋಯಾ, ನೆಲಗಡಲೆ ಸೇರಿವೆಯಾದ್ದರಿಂದ ಇವು ಬೇರೆಬೇರೆಯಾಗಿ ಒಗ್ಗಿದ ಮೇಲೆ ಕೊಡಬೇಕು. ಅಂಗನವಾಡಿ ಟೀಚರಿಗೂ ಆಶಾ ಕಾರ್ಯಕರ್ತೆಗೂ ಮಗುವಿನ ಅಲರ್ಜಿಯ ವಿಷಯ ತಿಳಿದಿರಲಿ. ಹಾಲು ಆಗದೆಂಬ ಕಾರಣಕ್ಕೆ ಮೊಟ್ಟೆ, ಮೀನು, ನೆಲಗಡಲೆಗಳನ್ನೂ ವರ್ಷಗಟ್ಟಲೆ ಮುಂದೂಡುವುದು ಸರಿಯಲ್ಲ. ಲಸಿಕೆಗಳನ್ನು ತಪ್ಪಿಸುವುದಂತೂ ಸರ್ವಥಾ ಸಲ್ಲ.

ಹೊಸ ಆಹಾರ ಕೊಟ್ಟ ಒಂದೆರಡು ಗಂಟೆಯಲ್ಲಿ ಮಗು ಒಂದೆರಡು ಸಲ ವಾಂತಿ ಮಾಡಿ ಇನ್ನೂ ಚುರುಕಾಗಿದ್ದರೆ ಎದೆಹಾಲು ಅಥವಾ ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕೊಡುತ್ತಾ ಅದೇ ದಿನ ವೈದ್ಯರಿಗೆ ತೋರಿಸಿ. ಮೂರಕ್ಕಿಂತ ಹೆಚ್ಚು ವಾಂತಿ, ಬಿಳಿಚಿಕೊಂಡ ಮೈ, ಜೋಲುಬಿದ್ದ ಕೈಕಾಲು ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಅಲ್ಲಿ ಮುಖ್ಯವಾಗಿ ಬೇಕಾದ್ದು ರಕ್ತನಾಳದ ಮೂಲಕ ದ್ರವ. ಎಫ್‌ಪೈಸ್ ಶಂಕೆಯಿದೆ, ಇಂಥ ಆಹಾರ ಇಷ್ಟು ಗಂಟೆಗೆ ಕೊಟ್ಟಿದ್ದೆವು ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಎಫ್‌ಪೈಸ್ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಟವಾದದ್ದೇ 2017ರಲ್ಲಿ. ಎಲ್ಲ ವೈದ್ಯರೂ ಇಂಥ ಮಗುವನ್ನು ಕಂಡಿರುತ್ತಾರೆಂದು ಭಾವಿಸಬಾರದು. ನಿಮ್ಮ ತಜ್ಞರು ಸಹಿ ಹಾಕಿದ ಒಂದು ಪತ್ರ ಮಗುವಿನ ಚೀಲದಲ್ಲಿ ಸದಾ ಇರಲಿ.

ಪ್ರೊಕ್ಟೊಕೊಲೈಟಿಸ್ ಬಹುಪಾಲು ಮಕ್ಕಳಲ್ಲಿ ವರ್ಷದ ಹೊತ್ತಿಗೆ ತಾನಾಗಿ ಹೋಗುತ್ತದೆ. ಹಾಲಿನ ಎಫ್‌ಪೈಸ್ ಹೆಚ್ಚಿನವರಲ್ಲಿ ಮೂರರಿಂದ ಐದು ವರ್ಷದೊಳಗೆ ವಾಸಿಯಾಗುತ್ತದೆ. ಕೊನೆಯ ಸಲ ತೊಂದರೆಯಾದ ಹನ್ನೆರಡರಿಂದ ಹದಿನೆಂಟು ತಿಂಗಳ ಬಳಿಕ ಆಸ್ಪತ್ರೆಯಲ್ಲಿ ಪರೀಕ್ಷಿಸಿ ನೋಡುತ್ತಾರೆ. ಸೌಮ್ಯ ರೂಪದ ಮಗುವಿಗೆ ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ, ಕನಿಷ್ಠ ಆರು ತಿಂಗಳಾದರೂ ಹಾಲು ಬಿಟ್ಟ ಬಳಿಕ, ಹಾಲನ್ನು ಮೆಟ್ಟಿಲು ಮೆಟ್ಟಿಲಾಗಿ ಪರಿಚಯಿಸಲು ವೈದ್ಯರು ಹೇಳುತ್ತಾರೆ. ಮೊದಲು ಗೋಧಿ ಹಿಟ್ಟಿನೊಂದಿಗೆ ಹೆಚ್ಚು ಹೊತ್ತು ಬೇಕ್ ಆದ ಬಿಸ್ಕತ್ತಿನ ಸಣ್ಣ ಚೂರು, ಅದು ಒಗ್ಗಿದರೆ ಕೇಕಿನಂಥದ್ದು, ಬಳಿಕ ಹಾಲು ಹಾಕಿ ಕಾವಲಿಯಲ್ಲಿ ಬೇಯಿಸಿದ ತಿಂಡಿ, ಆಮೇಲೆ ಮೊಸರು, ಎಲ್ಲಕ್ಕೂ ಕೊನೆಗೆ ಲೋಟದ ಹಾಲು. ಯಾವುದಾದರೂ ಮೆಟ್ಟಿಲಲ್ಲಿ ಲಕ್ಷಣ ಮರಳಿದರೆ ಒಂದು ಮೆಟ್ಟಿಲು ಕೆಳಗಿಳಿದು, ಅಲ್ಲಿಯವರೆಗೆ ಒಗ್ಗಿದ್ದನ್ನು ನಿಲ್ಲಿಸದೆ ಮುಂದುವರಿಸಿ, ಮುಂದಿನ ಮೆಟ್ಟಿಲನ್ನು ಯಾವಾಗ ಮತ್ತೆ ಏರಬೇಕೆಂದು ವೈದ್ಯರನ್ನು ಕೇಳಿ ನೋಟ್‌ಪುಸ್ತಕದಲ್ಲಿ ಆ ತಾರೀಖನ್ನು ಬರೆದಿಡಿ.